ಆರೋಪ ಕಾಲೇಜಿನ ಫುಟ್‌ಬಾಲ್ ಆಟಗಾರನ ಮೇಲೆ: ಮೊದಲು ಪೊಲೀಸಾ, ಯೂನಿವರ್ಸಿಟಿಯಾ? ಅನುಭವ ಇದ್ದವರು ಹೇಳಿ

ಕೇಳಿದವರು:
ನಮ್ಮಕ್ಕನ ಮಗಳು ಅಮೆರಿಕದ ದೊಡ್ಡ ಯೂನಿವರ್ಸಿಟಿಯೊಂದರಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಎಫ್-1 ವೀಸಾ. ಅಕ್ಕ-ಭಾವ ಇಂಡಿಯಾದಲ್ಲಿದ್ದಾರೆ. ಇಲ್ಲಿ ಅವಳಿಗೆ ಅಂತ ಇರುವುದು ನಾನೊಬ್ಬಳೇ, ಅದೂ ನಾಲ್ಕು ಗಂಟೆ ಡ್ರೈವ್ ದೂರದಲ್ಲಿ. ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ, ಕ್ಯಾಂಪಸ್ ಹೊರಗಿನ ಒಂದು ಅಪಾರ್ಟ್‌ಮೆಂಟಿನ ಪಾರ್ಟಿಯಲ್ಲಿ, ಫುಟ್‌ಬಾಲ್ ಟೀಮಿನ ಹುಡುಗನೊಬ್ಬ ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ. ಇವತ್ತು, ಮಂಗಳವಾರ ಬೆಳಿಗ್ಗೆ, ಫೋನ್ ಮಾಡಿ ಹೇಳಿದಳು. "ಯಾರಿಗೂ ಹೇಳಬೇಡ ಚಿಕ್ಕಮ್ಮ, ಈ ಊರಲ್ಲಿ ಅರ್ಧ ಜನ ಅವನ ನಂಬರಿನ ಜರ್ಸಿ ಹಾಕಿಕೊಂಡು ಓಡಾಡುತ್ತಾರೆ, ನನ್ನನ್ನು ಯಾರು ನಂಬುತ್ತಾರೆ" ಅನ್ನುತ್ತಾಳೆ. ನನಗೆ ಕೈಕಾಲೇ ಆಡುತ್ತಿಲ್ಲ. ಮೊದಲು ಪೊಲೀಸರ ಹತ್ತಿರ ಹೋಗಬೇಕಾ, ಯೂನಿವರ್ಸಿಟಿಗೆ ಹೇಳಬೇಕಾ? ವೀಸಾಕ್ಕೆ ತೊಂದರೆ ಆಗುತ್ತಾ? ಇಂಥದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಎಮರ್ಜೆನ್ಸಿ ರೂಮಿನ ನರ್ಸ್:
ಪೊಲೀಸಾ ಯೂನಿವರ್ಸಿಟಿಯಾ ಅನ್ನುವುದು ನಾಳೆಯ ಮಾತು ಅಕ್ಕಾ. ಇವತ್ತು ಆಸ್ಪತ್ರೆ.

ಶನಿವಾರ ರಾತ್ರಿ ಹನ್ನೊಂದು ಅಂದಿರಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಆಮೇಲೆ 28 ದಿನ ತೆಗೆದುಕೊಳ್ಳಬೇಕು. ಆ 72 ಗಂಟೆ ಇವತ್ತು ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ, ನೀವು ಮೊದಲು ಅಲ್ಲಿಗೆ ಹೋಗಿ. ಗರ್ಭ ತಡೆಯುವ ಮಾತ್ರೆಗೆ ಐದು ದಿನದವರೆಗೆ ಸಮಯ ಇದೆ, ಆದರೆ ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಸಾಕ್ಷ್ಯ ಸಂಗ್ರಹದ ಪರೀಕ್ಷೆಯನ್ನು, ಅಂದರೆ ಎಲ್ಲರೂ ರೇಪ್ ಕಿಟ್ ಅನ್ನುವುದನ್ನು, ಬಹಳ ರಾಜ್ಯಗಳಲ್ಲಿ 120 ಗಂಟೆಯವರೆಗೂ ಮಾಡುತ್ತಾರೆ. ಸ್ನಾನ ಮಾಡಿದ್ದಾಳೆ, ಇನ್ನೇನು ಸಿಗುತ್ತದೆ ಅಂತ ಬಿಡಬೇಡಿ. ಸ್ನಾನ ಮಾಡಿ ಬಂದವರನ್ನೂ ನಾವು ನೋಡುತ್ತೇವೆ.

ಇದಕ್ಕೇ ತರಬೇತಿ ಪಡೆದ ನರ್ಸ್‌ಗಳಿದ್ದಾರೆ, ‘ಸೇನ್’ ನರ್ಸ್ ಅಂತ ಕರೆಯುತ್ತಾರೆ. ಎಲ್ಲಾ ಆಸ್ಪತ್ರೆಯಲ್ಲೂ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಗೊತ್ತಾಗದಿದ್ದರೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ರೇನ್ ಸಂಸ್ಥೆಯ ಸಹಾಯವಾಣಿ 800-656-4673ಕ್ಕೆ ಮಾಡಿ, ಹತ್ತಿರ ಯಾವ ಆಸ್ಪತ್ರೆ ಅಂತ ಕೇಳಿ. ಶನಿವಾರ ಹಾಕಿದ್ದ ಬಟ್ಟೆ ಒಗೆಯದೇ ಇದ್ದರೆ ಪೇಪರ್ ಬ್ಯಾಗಿನಲ್ಲಿ ಹಾಕಿ ತನ್ನಿ. ಪ್ಲಾಸ್ಟಿಕ್ ಬೇಡ, ಒಳಗೆ ತೇವ ಕೂತು ಹಾಳಾಗುತ್ತದೆ.

ಎರಡು ವಿಷಯ ಜನಕ್ಕೆ ಗೊತ್ತೇ ಇರುವುದಿಲ್ಲ. ಫೆಡರಲ್ ಕಾನೂನಿನ ಪ್ರಕಾರ ಈ ಪರೀಕ್ಷೆಗೆ ಅವಳಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಪರೀಕ್ಷೆ ಮಾಡಿಸಲು ಪೊಲೀಸ್ ದೂರು ಕೊಡಲೇಬೇಕು ಅಂತಲೂ ಇಲ್ಲ. ಕಿಟ್ ತೆಗೆದು ಇಡುತ್ತಾರೆ, ದೂರು ಕೊಡುವುದನ್ನು ಆಮೇಲೆ ಯೋಚಿಸಬಹುದು. ಎಷ್ಟು ಕಾಲ ಇಡುತ್ತಾರೆ ಅನ್ನುವುದು ರಾಜ್ಯಕ್ಕೊಂದು ಥರ, ಅದನ್ನು ಅಲ್ಲೇ ಕೇಳಿ ಬರೆದುಕೊಳ್ಳಿ.

ಒಬ್ಬರು:
ನನಗೆ ಅನಿಸುವುದು, ಕಾಲೇಜು ಫುಟ್‌ಬಾಲಿನಲ್ಲಿ ಕೋಚ್ ಮಾತೇ ನಡೆಯುವುದು. ನೇರ ಹೆಡ್ ಕೋಚ್ ಆಫೀಸಿಗೆ ಹೋಗಿ ಹೇಳಿದರೆ ಮಾರನೇ ದಿನವೇ ಹುಡುಗ ಬೆಂಚಿನ ಮೇಲೆ. ಪೊಲೀಸು, ಕೋರ್ಟು ಅಂತ ಯಾಕೆ ಅಲೆಯಬೇಕು?

ಕ್ಯಾಂಪಸ್ಸಿನಲ್ಲಿ ಸಂತ್ರಸ್ತರ ಜೊತೆ ಕೆಲಸ ಮಾಡಿದವಳು:
ಬೇಡ. ದಯವಿಟ್ಟು ಬೇಡ. ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಟೆಕ್ಸಾಸಿನ ಬೇಲರ್ ಯೂನಿವರ್ಸಿಟಿಯಲ್ಲಿ ಏನಾಯಿತು ಅನ್ನುವುದನ್ನು ಒಮ್ಮೆ ನೋಡಿ. ಯೂನಿವರ್ಸಿಟಿ ತಾನೇ ನೇಮಿಸಿದ್ದ ಲಾ ಫರ್ಮ್ ತನಿಖೆ ಮಾಡಿ 2016ರಲ್ಲಿ ಹೇಳಿದ್ದು ಇದನ್ನೇ: ಫುಟ್‌ಬಾಲ್ ಸಿಬ್ಬಂದಿಯೇ ದೂರು ಕೊಟ್ಟವರನ್ನು ಭೇಟಿಯಾಗಿ, ತಾವೇ ವಿಚಾರಣೆ ಮಾಡಿ, ಅವರ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ದರು. ಟೈಟಲ್ ನೈನ್ ಆಫೀಸಿಗೆ, ಅಂದರೆ ಆ ಹೆಸರಿನ ಫೆಡರಲ್ ಕಾನೂನಿನ ಕೆಳಗೆ ಇಂಥ ದೂರು ನೋಡುವ ಯೂನಿವರ್ಸಿಟಿಯ ಆಫೀಸಿಗೆ, ಸುದ್ದಿ ಮುಟ್ಟಿಸಿರಲಿಲ್ಲ. ಹೆಡ್ ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಹೋಯಿತು. ಅಧ್ಯಕ್ಷ ಕೆನ್ ಸ್ಟಾರ್ ಕುರ್ಚಿ ಹೋಯಿತು. ಅಷ್ಟು ಹೊತ್ತಿಗೆ ಹುಡುಗಿಯರ ಪಾಲಿನ ವರ್ಷಗಳು ಹೋಗಿದ್ದವು. ತಮಾಷೆ ನೋಡಿ, ಆಮೇಲೆ 2021ರಲ್ಲಿ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಇದನ್ನೆಲ್ಲಾ ನೋಡಿ, ಈ ವಿಷಯದಲ್ಲಿ ನಮ್ಮ ರೂಲ್ ಮುರಿದ ಹಾಗೆ ಆಗಿಲ್ಲ ಅಂದಿತು. ಆಟದ ಸಂಸ್ಥೆಯ ರೂಲ್ ಬುಕ್ ಇರುವುದು ಆಟಕ್ಕೆ.

ಹಾಗಂತ ಕೋಚ್ ಆಗಲಿ, ಟ್ರೈನರ್ ಆಗಲಿ, ವಿಷಯ ಕಿವಿಗೆ ಬಿದ್ದರೆ ಸಾಮಾನ್ಯವಾಗಿ ಟೈಟಲ್ ನೈನ್ ಆಫೀಸಿಗೆ ವರದಿ ಮಾಡಲೇಬೇಕು ಅಂತ ಯೂನಿವರ್ಸಿಟಿಗಳ ನಿಯಮ ಇರುತ್ತದೆ. ಪ್ರೊಫೆಸರ್‌ಗಳಿಗೂ, ಹಾಸ್ಟೆಲ್ ನೋಡಿಕೊಳ್ಳುವ ವಿದ್ಯಾರ್ಥಿಗಳಾದ ಆರ್‌ಎಗಳಿಗೂ ಅದೇ. ಹಾಗಾಗಿ ಗುಟ್ಟಾಗಿ ಮಾತಾಡಬೇಕು ಅಂದರೆ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಬೇಕು, ಅಥವಾ ಸಂತ್ರಸ್ತರ ಜೊತೆ ನಿಂತು ಗುಟ್ಟು ಕಾಯುವ ‘ಕಾನ್ಫಿಡೆನ್ಶಿಯಲ್ ಅಡ್ವೊಕೇಟ್’ ಅನ್ನುವವರನ್ನು ಕೇಳಬೇಕು. ಬಾಯಿ ಬಿಡುವ ಮೊದಲೇ "ನೀವು ಇದನ್ನು ಯಾರಿಗಾದರೂ ವರದಿ ಮಾಡಲೇಬೇಕಾ?" ಅಂತ ಕೇಳಲು ಅವಳಿಗೆ ಹೇಳಿ.

ಇನ್ನು ನಿಮ್ಮ ಪ್ರಶ್ನೆ. ಪೊಲೀಸರದ್ದೂ ಯೂನಿವರ್ಸಿಟಿಯದ್ದೂ ಬೇರೆ ಬೇರೆ ದಾರಿ. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ. ಎರಡೂ ಹಿಡಿಯಬಹುದು, ಒಂದೇ ಸಾಕು ಅನ್ನಬಹುದು, ಎರಡೂ ಬೇಡ ಅಂತಲೂ ಅನ್ನಬಹುದು. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕು. ಯೂನಿವರ್ಸಿಟಿಯಲ್ಲಿ ಹೆಚ್ಚಿನ ಕಡೆ ನೋಡುವುದು ‘ಆಗಿರುವ ಸಾಧ್ಯತೆ ಆಗದಿರುವುದಕ್ಕಿಂತ ಜಾಸ್ತಿಯಾ’ ಅಂತ ಮಾತ್ರ. ಯೂನಿವರ್ಸಿಟಿ ಯಾರನ್ನೂ ಜೈಲಿಗೆ ಹಾಕಲಾರದು. ಪೊಲೀಸರು ಅವಳ ಕ್ಲಾಸ್ ಬದಲಾಯಿಸಲಾರರು, ಪರೀಕ್ಷೆ ಮುಂದೆ ಹಾಕಲಾರರು. ಆ ಸಹಾಯವೆಲ್ಲಾ ಟೈಟಲ್ ನೈನ್ ಆಫೀಸಿನದ್ದು. ಅದಕ್ಕೆ ‘ಫಾರ್ಮಲ್ ಕಂಪ್ಲೇಂಟ್’ ಕೊಡಲೇಬೇಕು ಅಂತಿಲ್ಲ.

ಅಪಾರ್ಟ್‌ಮೆಂಟ್ ಕ್ಯಾಂಪಸ್ ಹೊರಗೆ ಅಂದಿರಲ್ಲ, ಅದು ಮುಖ್ಯ. ಹೊರಗೆ ಅಂದರೆ ಸಾಮಾನ್ಯವಾಗಿ ಸಿಟಿ ಪೊಲೀಸರ ವ್ಯಾಪ್ತಿ, ಕ್ಯಾಂಪಸ್ ಪೊಲೀಸರದ್ದಲ್ಲ. ಟೈಟಲ್ ನೈನ್ ನಿಯಮವೂ ಹೊರಗಿನ ಖಾಸಗಿ ಮನೆಗೆ ಎಲ್ಲಾ ಸಲ ತಾಗುವುದಿಲ್ಲ. ಆಗ ಯೂನಿವರ್ಸಿಟಿ ಅದನ್ನು ವಿದ್ಯಾರ್ಥಿ ನಡತೆ ಸಂಹಿತೆಯ ಕೆಳಗೆ ನಡೆಸಬಹುದು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಕಳಿಸಿಬಿಟ್ಟರೆ, "ಹಾಗಾದರೆ ಯಾವ ನಿಯಮದ ಕೆಳಗೆ ಬರುತ್ತೆ, ಬರೆದು ಕೊಡಿ" ಅಂತ ಕೇಳಿ. ಇನ್ನೊಂದು ಮಾತು: ನೆಟ್ಟಿನಲ್ಲಿ ಟೈಟಲ್ ನೈನ್‌ನ 2024ರ ನಿಯಮದ ಬಗ್ಗೆ ಓದಿದರೆ ನಂಬಬೇಡಿ. ಅದು ಆಗಸ್ಟ್ 2024ರಲ್ಲಿ ಜಾರಿಗೆ ಬಂತು, 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟ್ ರದ್ದು ಮಾಡಿತು. ಈಗ ಮತ್ತೆ 2020ರ ನಿಯಮ.

ಬೇಗ ಹೋಗಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಎರಡು ಕೇಸ್ ಪಕ್ಕಪಕ್ಕ ಇಟ್ಟು ನೋಡಿ. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಆಮೇಲೆ ಸ್ಟಾರ್ ಆದ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್ ಒಬ್ಬನ ಮೇಲೆ ದೂರು ಬಂದದ್ದು 2012ರ ಡಿಸೆಂಬರ್‌ನಲ್ಲಿ. ಅವನ ಡಿಎನ್‌ಎ ತೆಗೆದುಕೊಂಡದ್ದು 2013ರ ನವೆಂಬರ್‌ನಲ್ಲಿ. ಆ ರಾತ್ರಿ ಅವರಿದ್ದ ಬಾರ್‌ನ ಕ್ಯಾಮೆರಾ ದೃಶ್ಯವನ್ನು ಪೊಲೀಸರು ಪಡೆದುಕೊಳ್ಳಲೇ ಇಲ್ಲ. ಪ್ರಾಸಿಕ್ಯೂಟರ್ ಕೇಸ್ ಹಾಕಲಿಲ್ಲ. ಎರಡು ವರ್ಷದ ಮೇಲೆ ಯೂನಿವರ್ಸಿಟಿ ವಿಚಾರಣೆಯಲ್ಲೂ ಅವನು ಹೊಣೆಗಾರ ಅಲ್ಲ ಅಂತ ಬಂತು. ಅವನು ಕೊನೆಯವರೆಗೂ ಆರೋಪ ಒಪ್ಪಲಿಲ್ಲ. ಯೂನಿವರ್ಸಿಟಿ ಮಾತ್ರ ತಪ್ಪು ಒಪ್ಪಿಕೊಳ್ಳದೆಯೇ 2016ರಲ್ಲಿ ಆ ಹುಡುಗಿಯ ದಾವೆಯನ್ನು 9,50,000 ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ನಿಜ ಏನೇ ಇರಲಿ, ಅದನ್ನು ತಿಳಿಯುವ ದಾರಿಯನ್ನೇ ತಡ ತಿಂದುಹಾಕಿತು. ಅವಳಿಗೂ ನ್ಯಾಯ ಆಗಲಿಲ್ಲ, ಅವನಿಗೂ ಆಗಲಿಲ್ಲ ಅಂತ ನನ್ನ ಅಭಿಪ್ರಾಯ.

ಅದಾಗಿ ಆರೇ ತಿಂಗಳಿಗೆ, 2013ರ ಜೂನ್‌ನಲ್ಲಿ, ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ. ಡಾರ್ಮಿಟರಿಯ ಕ್ಯಾಮೆರಾವನ್ನು ಬೇರೆ ಯಾವುದೋ ಕಾರಣಕ್ಕೆ ನೋಡುತ್ತಿದ್ದವರಿಗೆ, ಫುಟ್‌ಬಾಲ್ ಆಟಗಾರರು ಪ್ರಜ್ಞೆ ಇಲ್ಲದ ಹುಡುಗಿಯನ್ನು ಹೊತ್ತುಕೊಂಡು ಹೋಗುವುದು ಕಂಡಿತು. ಯೂನಿವರ್ಸಿಟಿ ನ್ಯಾಶ್‌ವಿಲ್ ಪೊಲೀಸರಿಗೆ ತಿಳಿಸಿತು, ನಾಲ್ವರು ಟೀಮಿನಿಂದ ಹೊರಗೆ. ಏನಾಯಿತು ಅಂತ ಆ ಹುಡುಗಿಗೇ ನೆನಪಿರಲಿಲ್ಲ. ಕೇಸ್ ಎಳೆಯಿತು, ಒಂದು ವಿಚಾರಣೆ ರದ್ದಾಗಿ ಮತ್ತೆ ನಡೆಯಿತು. ಕೊನೆಗೆ ಮೂವರಿಗೆ 15ರಿಂದ 17 ವರ್ಷ ಜೈಲು. ಎರಡೂ ಕಡೆ ಆಟಗಾರರೇ, ಎರಡೂ ದೊಡ್ಡ ಟೀಮೇ. ಒಂದು ಕಡೆ ವಿಡಿಯೋ ಕೈಗೆ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ.

ಅಪಾರ್ಟ್‌ಮೆಂಟಿನ ಗೇಟು, ಪಾರ್ಕಿಂಗು, ಅವಳು ವಾಪಸ್ ಬಂದ ಉಬರ್, ಡಾರ್ಮಿನ ಕಾರ್ಡ್ ಸ್ವೈಪ್: ಇವೆಲ್ಲದರ ದಾಖಲೆ ತಾನಾಗಿ ಅಳಿಸಿಹೋಗುತ್ತದೆ. ದೂರು ಕೊಡಬೇಕೋ ಬೇಡವೋ ಅಂತ ತೀರ್ಮಾನ ಆಗದೇ ಇದ್ದರೂ, ಅದನ್ನೆಲ್ಲಾ ಉಳಿಸಿ ಇಡಿ ಅಂತ ಕೇಳಲು ಅಡ್ವೊಕೇಟ್ ಸಹಾಯ ಮಾಡುತ್ತಾರೆ.

ಹಳೆಯ ವಿದ್ಯಾರ್ಥಿನಿ:
ಇದನ್ನು ಬರೆಯಬೇಕೋ ಬೇಡವೋ ಅಂತ ಒಂದು ಗಂಟೆ ಯೋಚಿಸಿದೆ. ನನ್ನದು 2021. ಬ್ಯಾಸ್ಕೆಟ್‌ಬಾಲ್ ಆಟಗಾರ. ನಾನು ಮೂರು ವಾರ ಯಾರಿಗೂ ಹೇಳಲಿಲ್ಲ.

ಆಮೇಲೆ ಟೈಟಲ್ ನೈನ್ ಆಫೀಸಿಗೆ ಹೋದೆ. ಶುರುವಿನಿಂದ ಮುಗಿಯುವವರೆಗೆ ಹನ್ನೊಂದು ತಿಂಗಳು. ತನಿಖೆ ಮಾಡಿದವರು ಒಳ್ಳೆಯವರೇ. ಆದರೆ ಸೀಸನ್ ಬಂದಾಗಲೆಲ್ಲಾ ಆ ಕಡೆಯಿಂದ ಮುಂದೂಡಿ ಅಂತ ಕೋರಿಕೆ, ಇವರು ಒಪ್ಪುವುದು. ಟೂರ್ನಮೆಂಟ್ ಇದೆ, ಲಾಯರ್ ಸಿಗುತ್ತಿಲ್ಲ, ಹೀಗೇ. ವಿಚಾರಣೆ ಝೂಮ್‌ನಲ್ಲಿ ನಡೆಯಿತು. ಅವನ ಅಡ್ವೈಸರ್, ಅಂದರೆ ವಿಚಾರಣೆಯಲ್ಲಿ ಅವನ ಪರ ಕೂರುವವರು, ದುಡ್ಡು ಕೊಟ್ಟು ತಂದ ಕ್ರಿಮಿನಲ್ ಲಾಯರ್. ನನ್ನ ಅಡ್ವೈಸರ್ ಯೂನಿವರ್ಸಿಟಿಯೇ ಪುಕ್ಕಟೆ ಕೊಟ್ಟವರು, ಲೈಬ್ರರಿಯಲ್ಲಿ ಕೆಲಸ ಮಾಡುವ ಮನುಷ್ಯ. ಪಾಪ, ಅವರಿಗೆ ನನಗಿಂತ ಜಾಸ್ತಿ ನಡುಕ. 2020ರ ನಿಯಮದಲ್ಲಿ ಆ ಕಡೆಯ ಅಡ್ವೈಸರ್ ನಿಮ್ಮನ್ನು ನೇರವಾಗಿ ಪ್ರಶ್ನಿಸಬಹುದು. ಹುಡುಗ ಸ್ವತಃ ಕೇಳುವಂತಿಲ್ಲ. ಇಬ್ಬರನ್ನೂ ಬೇರೆ ಬೇರೆ ರೂಮಿನಲ್ಲಿ ಕೂರಿಸಿ ಅಂತ ಕೇಳುವ ಹಕ್ಕಿದೆ, ಕೇಳಿ.

ನಾಲ್ಕು ಗಂಟೆ ಪ್ರಶ್ನೆ. ಎಷ್ಟು ಕುಡಿದಿದ್ದೆ, ಮಾರನೇ ದಿನ ಅವನ ಮೆಸೇಜಿಗೆ ಯಾಕೆ ಸ್ಮೈಲಿ ಹಾಕಿದೆ. ಸ್ಮೈಲಿ ಹಾಕಿದ್ದು ನಿಜ. ಭಯ ಆದಾಗ ಏನೂ ಆಗಿಲ್ಲ ಅನ್ನುವ ಹಾಗೆ ಇರುವುದು ನನ್ನ ಅಭ್ಯಾಸ, ಹಾಗಂತಲೇ ಹೇಳಿದೆ. ಮೆಸೇಜ್ ಅಳಿಸಿದ್ದರೆ ಆ ಒಂದು ಪ್ರಶ್ನೆಯಲ್ಲೇ ನಾನು ಸುಳ್ಳಿ ಆಗುತ್ತಿದ್ದೆ. ನಿಮ್ಮ ಹುಡುಗಿಗೆ ಹೇಳಿ, ಏನೂ ಅಳಿಸಬಾರದು, ಮುಜುಗರ ಆಗುವಂಥದ್ದನ್ನಂತೂ ಅಳಿಸಲೇಬಾರದು. ಸ್ನ್ಯಾಪ್‌ಚಾಟ್ ಆದರೆ ಬೇರೆ ಫೋನಿನಲ್ಲಿ ಫೋಟೋ ತೆಗೆದಿಡಿ.

ಅವನು ಹೊಣೆಗಾರ ಅಂತ ತೀರ್ಮಾನ ಆಯಿತು. ಎರಡು ಸೆಮಿಸ್ಟರ್ ಸಸ್ಪೆನ್ಷನ್. ಆದರೆ ತೀರ್ಪು ಬರುವ ಹೊತ್ತಿಗೆ ಅವನು ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿದ್ದ, ಆಮೇಲೆ ಇನ್ನೊಂದು ಟೀಮಿಗೆ ಆಡಿದ.

ಪೊಲೀಸ್ ಭಾಗ ಚಿಕ್ಕದು. ಡಿಟೆಕ್ಟಿವ್ ಎರಡು ಸಲ ಮಾತಾಡಿದರು. ಅವರ ಎದುರೇ ಅವನಿಗೆ ಫೋನ್ ಮಾಡಿ ರೆಕಾರ್ಡ್ ಮಾಡಿಸುವ ‘ಪ್ರಿಟೆಕ್ಸ್ಟ್ ಕಾಲ್’ ಮಾಡುತ್ತೀಯಾ ಅಂತ ಕೇಳಿದರು, ನನಗೆ ಆಗಲಿಲ್ಲ. ಪ್ರಾಸಿಕ್ಯೂಟರ್ ಸಾಕ್ಷ್ಯ ಸಾಲದು ಅಂದರು. ಮೂರು ವಾರ ತಡ ಮಾಡಿದ್ದೆ, ಕಿಟ್ ಇರಲಿಲ್ಲ. ಇವತ್ತು ಹೋಗಿ ಅಂತ ನರ್ಸ್ ಹೇಳಿದ್ದನ್ನು ಓದಿ ಎದೆ ಭಾರ ಆಯಿತು. ನನಗೆ ಆಗ ಹಾಗೆ ಹೇಳುವವರು ಇರಲಿಲ್ಲ.

ಒಬ್ಬ ತಂದೆ:
ನಾನು ಆ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗ ಟ್ರ್ಯಾಕ್ ಟೀಮಿನಲ್ಲಿದ್ದ, ಅವನ ಮೇಲೆ ಆರೋಪ ಬಂತು. ಏಳು ತಿಂಗಳಾದ ಮೇಲೆ ಹೊಣೆಗಾರ ಅಲ್ಲ ಅಂತ ಬಂತು. ಡ್ಯೂಕ್ ಯೂನಿವರ್ಸಿಟಿಯ ಲಕ್ರಾಸ್ ಟೀಮಿನ ಕೇಸ್ ನೆನಪಿರಬಹುದು: 2006ರಲ್ಲಿ ಮೂವರು ಆಟಗಾರರ ಮೇಲೆ ಕೇಸ್, ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಅವರು ನಿರಪರಾಧಿಗಳು ಅಂತಲೇ ಘೋಷಿಸಿದರು. ಡಿಎನ್‌ಎ ವರದಿ ಮುಚ್ಚಿಟ್ಟಿದ್ದ ಪ್ರಾಸಿಕ್ಯೂಟರ್ ಲೈಸೆನ್ಸ್ ಕಳೆದುಕೊಂಡ. ಅದಕ್ಕೇ ಮೇಲಿನವರ ಮಾತಿಗೆ ನನ್ನದೂ ಹೂಂ. ಸಾಕ್ಷ್ಯ ಬೇಗ ಎತ್ತಿಟ್ಟರೆ ನಿಜ ಹೇಳುವವರಿಗೆ ಒಳ್ಳೆಯದು, ಅವರು ಯಾವ ಕಡೆಯವರೇ ಆಗಿರಲಿ.

ನಿಮಗೆ ಉಪಯೋಗ ಆಗುವ ಎರಡು ಮಾತು. ತನಿಖೆಯ ಕಾಗದಪತ್ರ ಎರಡೂ ಕಡೆಯವರಿಗೆ ಒಟ್ಟಿಗೆ ಹೋಗುತ್ತದೆ, ಓದಿ ಉತ್ತರ ಕೊಡಲು ಕನಿಷ್ಠ ಹತ್ತು ದಿನ. ಅಂದರೆ ಅವಳು ಬರೆದದ್ದನ್ನು ಆ ಹುಡುಗನೂ, ಅವನ ಲಾಯರೂ ಓದುತ್ತಾರೆ. ನೆನಪಿರುವುದನ್ನು ಮಾತ್ರ ಬರೆಯಲಿ, ನೆನಪಿಲ್ಲದ ಕಡೆ ನೆನಪಿಲ್ಲ ಅಂತಲೇ ಬರೆಯಲಿ. ಮತ್ತೆ, ಅವಳಿಗೆ 18 ಆಗಿದ್ದರೆ ಯೂನಿವರ್ಸಿಟಿ ನಿಮಗೆ ಏನೂ ಹೇಳುವುದಿಲ್ಲ, ಅವಳು ಸಹಿ ಹಾಕಿ ಒಪ್ಪಿಗೆ ಕೊಡಬೇಕು. ಫೀಸ್ ಕಟ್ಟುವ ಅಪ್ಪ ನಾನು ಅಂತ ಎಷ್ಟು ಕೂಗಾಡಿದರೂ ನನಗೆ ಒಂದು ಕಾಗದ ಸಿಗಲಿಲ್ಲ. ಆದರೆ ಅಡ್ವೈಸರ್ ಆಗಿ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು. ನಿಮ್ಮನ್ನೂ.

ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೆಲಸ ಮಾಡಿದವನು:
ದೂರು ಕೊಟ್ಟಿದ್ದಕ್ಕೆ ಎಫ್-1 ಹೋಗುವುದಿಲ್ಲ. ತೊಂದರೆ ಬರುವುದು ಬೇರೆ ಕಡೆ: ಮನಸ್ಸು ಸರಿಯಿಲ್ಲ ಅಂತ ಹೇಳದೇ ಕೇಳದೇ ಕೋರ್ಸ್ ಡ್ರಾಪ್ ಮಾಡುತ್ತಾರೆ, ಕ್ರೆಡಿಟ್ ಕಮ್ಮಿಯಾಗಿ ಸ್ಟೇಟಸ್ ಕೆಡುತ್ತದೆ. ಡ್ರಾಪ್ ಮಾಡುವ ಮೊದಲು ಡಿಎಸ್‌ಒ, ಅಂದರೆ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿ ವೀಸಾ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಹೋಗಬೇಕು. ಡಾಕ್ಟರ್ ಪತ್ರ ಇದ್ದರೆ ವೈದ್ಯಕೀಯ ಕಾರಣಕ್ಕೆ ಕಡಿಮೆ ಕ್ರೆಡಿಟ್ ಅಥವಾ ಪೂರ್ತಿ ಬಿಡುವು ಕೊಡಬಹುದು, ಒಟ್ಟು 12 ತಿಂಗಳವರೆಗೆ. ಏನಾಯಿತು ಅಂತ ಡಿಎಸ್‌ಒಗೆ ವಿವರಿಸಬೇಕಾಗಿಲ್ಲ. ಅಪರಾಧಕ್ಕೆ ಒಳಗಾಗಿ ತನಿಖೆಗೆ ನೆರವಾದವರಿಗೆ ಕೊಡುವ ಯು ವೀಸಾ ಅಂತ ಯಾರಾದರೂ ಹೇಳಿದರೆ, ಅದು ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ಈಗ ತಲೆಗೆ ಹಚ್ಚಿಕೊಳ್ಳಬೇಡಿ.

ಕೇಳಿದವರು:
ನರ್ಸ್ ಬರೆದದ್ದನ್ನು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ "ಬಟ್ಟೆ ಇನ್ನೂ ಲಾಂಡ್ರಿ ಬುಟ್ಟಿಯಲ್ಲೇ ಇದೆ ಚಿಕ್ಕಮ್ಮ, ಮುಟ್ಟೋಕೆ ಆಗಲಿಲ್ಲ" ಅಂದಳು. ಸೇನ್ ನರ್ಸ್ ಇರುವ ಆಸ್ಪತ್ರೆ ಅವಳ ಡಾರ್ಮಿನಿಂದ ಇಪ್ಪತ್ತು ನಿಮಿಷ. ಪೇಪರ್ ಬ್ಯಾಗ್ ಎತ್ತಿಕೊಂಡು ಹೊರಟೆ.

ಕೇಳಿದವರು, ರಾತ್ರಿ:
ಎಂಟು ಗಂಟೆಗೆ ಒಳಗೆ ಹೋದಳು. ಇಲ್ಲಿನ ಅಡ್ವೊಕೇಟ್ ಹುಡುಗಿ ಜೊತೆಯಲ್ಲಿದ್ದಾಳೆ, ನಾನು ಹೊರಗೆ ಕೂತಿದ್ದೇನೆ. ಮಾತ್ರೆ ಕೊಟ್ಟಿದ್ದಾರೆ. ಪೊಲೀಸರ ವಿಷಯ ಇವತ್ತು ಬೇಡ ಅಂದಿದ್ದಾಳೆ, ಕಿಟ್ ತೆಗೆದಿಡಿ ಅಂದಿದ್ದಾಳೆ. ಅಕ್ಕನಿಗೆ ನಾನು ಹೇಳಿಬಿಡಲಾ ಅಂತ ಕೇಳಿದ್ದಕ್ಕೆ ಆ ಹುಡುಗಿ, "ಅದನ್ನೂ ಅವಳನ್ನೇ ಕೇಳಿ" ಅಂದಳು. ಫೋನ್ ಸೈಲೆಂಟಿನಲ್ಲಿ ಇಟ್ಟಿದ್ದೇನೆ.