ಹೊಲಿಗೆ ಕೋಣೆಯ ದೊಡ್ಡ ಕಿಟಕಿ: ಪರದೆ, ತೆರೆ, ತಟ್ಟಿ, ಮರೆ

ಮನೆಯಲ್ಲೇ ಹೊಲಿಗೆ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಹೊಲಿಗೆ ಕೋಣೆಯ ದೊಡ್ಡ ಕಿಟಕಿಗಳಿಗೆ ಏನನ್ನು ಹಾಕಿಸಬೇಕು ಎಂಬ ಭಾಗದಲ್ಲಿ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಬಟ್ಟೆಯ ಪರದೆಯಿಂದ ಹಿಡಿದು ಅಲ್ಯುಮಿನಿಯಂ ಪಟ್ಟಿಗಳ ಬ್ಲೈಂಡ್ಸ್‌ವರೆಗೆ ಎಲ್ಲವನ್ನೂ ಇಂಗ್ಲಿಷಿನವರು ‘ವಿಂಡೋ ಟ್ರೀಟ್‌ಮೆಂಟ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದನ್ನು ‘ಕಿಟಕಿ ಉಪಚಾರ’ ಎಂದರೆ ಕಿಟಕಿಗೆ ಜ್ವರ ಬಂದಿದೆಯೇನೋ ಎನ್ನಿಸುತ್ತದೆ. ‘ಕಿಟಕಿ ಅಲಂಕಾರ’ ಎಂದರೆ ಕೆಲಸದ ಕೋಣೆಗೆ ಬೇಕಾದ ಅರ್ಥವೇ ಬರುವುದಿಲ್ಲ.

ಎಲ್ಲವನ್ನೂ ‘ಪರದೆ’ ಎಂದು ಕರೆದುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಫಾರಸಿಯಿಂದ ಬಂದು ಪೂರ್ತಿ ನಮ್ಮದಾಗಿರುವ, ಉತ್ತರ ಕರ್ನಾಟಕದಲ್ಲಿ ಮರಾಠಿಯ ನೆರೆಯಿಂದಾಗಿ ‘ಪಡದೆ’ ಎಂದೂ ಕೇಳಿಬರುವ ಈ ಪದದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೊಲಿಗೆ ಕೋಣೆಯಲ್ಲಿ ಆಯ್ಕೆ ನಿಂತಿರುವುದು ಬಟ್ಟೆಯ ಚೆಂದದ ಮೇಲಲ್ಲ, ಬೆಳಕನ್ನು ಯಾವ ದಿಕ್ಕಿನಿಂದ, ಎಷ್ಟು, ಹೇಗೆ ಒಳಗೆ ಬಿಡುತ್ತೇವೆ ಎಂಬುದರ ಮೇಲೆ. ಅಡ್ಡಕ್ಕೆ ಸರಿಯುವುದು, ಮೇಲಕ್ಕೆ ಏರುವುದು, ಇದ್ದಲ್ಲೇ ಇದ್ದು ಪಟ್ಟಿ ತಿರುಗಿಸುವುದು ಈ ಮೂರೂ ಬೆಳಕಿನ ವಿಷಯದಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಆದ್ದರಿಂದ ಪದಗಳೂ ಬೇರೆಯಾಗಬೇಕು ಎಂಬುದು ನನ್ನ ವಾದ.

ನಾಮಪದಕ್ಕಿಂತ ಕ್ರಿಯಾಪದವೇ ಇಲ್ಲಿ ಒಳ್ಳೆಯ ದಾರಿ ತೋರಿಸುತ್ತದೆ. ಪರದೆಯನ್ನು ನಾವು ಸರಿಸುತ್ತೇವೆ, ತೆರೆಯನ್ನು ಎತ್ತುತ್ತೇವೆ ಅಥವಾ ಇಳಿಬಿಡುತ್ತೇವೆ, ತಟ್ಟಿಯನ್ನು ಕಟ್ಟುತ್ತೇವೆ. ಯಕ್ಷಗಾನದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ತೆರೆಗೆ ಕಂಬಿಯೂ ಇಲ್ಲ, ಬಳೆಯೂ ಇಲ್ಲ. ಹೀಗಾಗಿ ಅಡ್ಡಕ್ಕೆ ಸರಿಯುವ ನೆರಿಗೆಯ ಬಟ್ಟೆಗೆ ‘ಪರದೆ’ಯನ್ನು ಉಳಿಸಿಕೊಂಡು, ಮೇಲೆ ಕೆಳಗೆ ಆಡುವ ಎಲ್ಲಕ್ಕೂ ‘ತೆರೆ’ಯನ್ನು ಬಳಸಿದರೆ ರೋಲರ್ ಬ್ಲೈಂಡ್ ‘ಸುರುಳಿತೆರೆ’ಯಾಗುತ್ತದೆ, ಮಡಿಕೆ ಮಡಿಕೆಯಾಗಿ ಮೇಲೇರುವ ರೋಮನ್ ಬ್ಲೈಂಡ್ ‘ಮಡಿಕೆತೆರೆ’ಯಾಗುತ್ತದೆ, ವೆನೀಷಿಯನ್ ಬ್ಲೈಂಡ್ ‘ಪಟ್ಟಿತೆರೆ’ಯಾಗುತ್ತದೆ. ಒಂದು ಅಡಚಣೆ ಮಾತ್ರ ಇದೆ. ‘ತೆರೆ’ ಕ್ರಿಯಾಪದವೂ ಆಗಿರುವುದರಿಂದ ‘ತೆರೆಯನ್ನು ತೆರೆಯಿರಿ’ ಎಂಬಂಥ ವಾಕ್ಯ ಕಿವಿಗೆ ಹಿತವಲ್ಲ, ‘ತೆರೆ ಎಳೆಯಿರಿ’ ಎಂದರೆ ಕಾರ್ಯಕ್ರಮವೇ ಮುಗಿದ ಹಾಗೆ. ‘ಎತ್ತಿ’, ‘ಇಳಿಸಿ’ ಎಂದು ಬರೆದರೆ ಈ ತೊಂದರೆ ನೀಗುತ್ತದೆ.

ಸಂಸ್ಕೃತದ ಕಡೆ ನೋಡಿದರೆ ಅಮರಕೋಶದಲ್ಲಿ ಪರದೆಗೆ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂದು ಮೂರು ಪದಗಳು ಒಟ್ಟಿಗೇ ಸಿಗುತ್ತವೆ. ಜವನಿಕೆ ರಂಗಭೂಮಿಗೆ ಅಂಟಿಕೊಂಡಿದೆ. ತಿರಸ್ಕರಿಣಿಗೆ ಮರೆಮಾಡುವುದು ಎಂಬ ಅರ್ಥವಿದ್ದರೂ ‘ತಿರಸ್ಕಾರ’ ಇಂದು ಕೊಡುವ ಅರ್ಥವನ್ನು ನೆನೆದರೆ ಮನೆಯ ಕಿಟಕಿಗೆ ಅದನ್ನು ತೂಗುಹಾಕಲು ಮನಸ್ಸು ಬರುವುದಿಲ್ಲ.

ಇನ್ನು ಬೆಳಕಿನ ವಿಷಯ. ನನ್ನ ಮುಂದಿರುವ ಉದಾಹರಣೆ ಬೆಂಗಳೂರಿನ ಒಂದು ಕೋಣೆ. ಪೂರ್ವಕ್ಕೆ ಎಂಟು ಅಡಿ ಅಗಲದ ಕಿಟಕಿ, ಉತ್ತರಕ್ಕೆ ಇನ್ನೊಂದು. ಉತ್ತರದ ಬೆಳಕು ಸಮವಾಗಿರುತ್ತದೆ, ಅಲ್ಲಿ ಏನೂ ಬೇಡ ಎಂದು ಪಾಶ್ಚಾತ್ಯ ಕೈಪಿಡಿಗಳು ಹೇಳುವುದು ಅವರ ಅಕ್ಷಾಂಶಕ್ಕೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ನಡುಹಗಲಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಸಂಜೆಯ ಓರೆಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬೀಳುತ್ತದೆ. ಹಾಗಾಗಿ ಇಲ್ಲಿ ಉತ್ತರಕ್ಕೂ ತೆಳುವಾದ ಒಂದು ಹೊದಿಕೆ ಬೇಕು. ಅಂಗಡಿಯವರು ‘ಶೀರ್’ ಎನ್ನುವ ಈ ಬಟ್ಟೆಗೆ ನಮ್ಮಲ್ಲಿ ಎಷ್ಟು ಒಳ್ಳೆಯ ಪದವಿದೆ ಎಂದರೆ, ಹೊಸದನ್ನು ಕಟ್ಟುವ ಅಗತ್ಯವೇ ಇಲ್ಲ: ‘ಜಾಳು’. ನೇಯ್ಗೆ ಬಿಗಿಯಿಲ್ಲದೆ ಬೆಳಕು ಹಾಯುವ ಬಟ್ಟೆಯನ್ನು ಜಾಳುಜಾಳಾಗಿದೆ ಎಂದು ಮನೆಮಾತಿನಲ್ಲಿ ಹೇಳುತ್ತೇವೆ. ‘ಜಾಳು’ ಎಂದರೆ ಹುರುಳಿಲ್ಲದ್ದು ಎಂಬ ಹೀನಾರ್ಥವೂ ಇರುವುದರಿಂದ ಮಾರುವವರು ಇದನ್ನು ಒಪ್ಪಲಿಕ್ಕಿಲ್ಲ, ಆದರೆ ಬಳಸುವವರಿಗೆ ‘ಜಾಳುಪರದೆ’ ತಕ್ಷಣ ಅರ್ಥವಾಗುತ್ತದೆ ಎಂದು ನನಗೆ ತೋರುತ್ತದೆ.

ಜಾಳುಪರದೆ ಬಿಳಿಯೇ ಆಗಿರಬೇಕು. ಕೆಂಪು ಪರದೆಯ ಮೂಲಕ ಬಂದ ಬೆಳಕಿನಲ್ಲಿ ಹಸಿರು ಬಟ್ಟೆಗೆ ದಾರ ಹೊಂದಿಸಿದರೆ, ಹೊರಗೆ ಬಿಸಿಲಿಗೆ ಬಂದಾಗ ದಾರ ಬೇರೆ, ಬಟ್ಟೆ ಬೇರೆ ಎಂದು ಕಾಣುತ್ತದೆ. ಪಟ್ಟಿತೆರೆಯ ದೋಷ ಇನ್ನೊಂದು ಬಗೆಯದು. ಪಟ್ಟಿಗಳ ಸಂದಿನಿಂದ ಬಿದ್ದ ಬಿಸಿಲು ಕತ್ತರಿಸುವ ಮೇಜಿನ ಮೇಲೆ ಗೆರೆಗೆರೆಯಾಗಿ ಹರಡುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿಯ ಬಟ್ಟೆಯನ್ನು ಅದರ ಕೆಳಗೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಯಾವುದು ನೇಯ್ಗೆಯ ಗೆರೆ, ಯಾವುದು ನೆರಳು, ಯಾವುದು ನಾವು ಹಾಕಿದ ಗುರುತು ಎಂದು ಬಿಡಿಸಿ ನೋಡಬೇಕಾಗುತ್ತದೆ. ಜೊತೆಗೆ ಬಟ್ಟೆಯ ಜುಂಗು ಒಂದೊಂದು ಪಟ್ಟಿಯ ಮೇಲೂ ಕೂರುತ್ತದೆ. ಪೂರ್ವದ ಕಿಟಕಿಗೆ ಬಿಳಿಯ ಸುರುಳಿತೆರೆಯೇ ಮೇಲು.

ನೆರಿಗೆಯ ಪರದೆಯನ್ನೇ ಬಯಸುವವರಿಗೆ ಲೆಕ್ಕವನ್ನು ಹೇಳಬೇಕಲ್ಲ, ಅಲ್ಲಿ ಇನ್ನೊಂದು ಪದದ ಪ್ರಶ್ನೆ ಇದೆ. ಎಂಟು ಅಡಿ ಎಂದರೆ 96 ಇಂಚು. ನೆರಿಗೆ ತುಂಬಿ ನಿಲ್ಲಬೇಕಾದರೆ ಅಗಲದ ಎರಡರಷ್ಟು, ಅಂದರೆ 192 ಇಂಚು ಬಟ್ಟೆ ಬೇಕು. 48 ಇಂಚು ಅಗಲದ ಬಟ್ಟೆಯಾದರೆ ನಾಲ್ಕು ತುಂಡು. ಬಟ್ಟೆಯ ಈ ಅಗಲಕ್ಕೆ ವ್ಯಾಪಾರಿಗಳ ಬಾಯಲ್ಲಿ ‘ಪನ್ನ’ ಎಂಬ ಪದವಿದೆ. ‘ನಾಲ್ಕು ಪನ್ನದ ಪರದೆ’ ಎಂದು ಬರೆದರೆ ಅಡಕವಾಗಿ ಎಲ್ಲವೂ ಬರುತ್ತದೆ. ಒಳಗೆ ಹಾಕುವ ಲೈನಿಂಗಿಗೆ ‘ಅಸ್ತರ’ ಎಂಬ ಹಳೆಯ ದರ್ಜಿ ಪದವನ್ನೇ ಇಟ್ಟುಕೊಂಡಿದ್ದೇನೆ.

ಕೊನೆಗೆ ಉಳಿದದ್ದು ಎಲ್ಲವನ್ನೂ ಒಳಗೊಳ್ಳುವ ಪದ. ‘ತಟ್ಟಿ’ ಬಿದಿರು, ಲಾವಂಚಗಳಿಗೆ ಮೀಸಲಾದದ್ದು. ‘ಹೊದಿಕೆ’ ಹಾಸಿಗೆಯನ್ನು ನೆನಪಿಸುತ್ತದೆ. ನನಗೆ ‘ಕಿಟಕಿಮರೆ’ ಹಿಡಿಸಿದೆ. ಬಟ್ಟೆಯದ್ದಾಗಲಿ, ಪಟ್ಟಿಯದ್ದಾಗಲಿ, ಬಿಸಿಲಿಗೂ ನೋಟಕ್ಕೂ ಅಡ್ಡ ಬರುವುದೆಲ್ಲ ಮರೆಯೇ. ಬೆಳಕನ್ನು ಬೇಕೆಂದೇ ಒಳಗೆ ಬಿಡುವ ಜಾಳುಪರದೆಯನ್ನೂ ‘ಮರೆ’ ಎನ್ನಬಹುದೇ ಎಂಬ ಅನುಮಾನ ಮಾತ್ರ ಉಳಿದಿದೆ. ಈ ಪದವನ್ನು ಹೀಗೆ ಹಿಗ್ಗಿಸುವುದು ಸರಿಯೇ, ಹಾಗೆಯೇ ‘ಪನ್ನ’ವನ್ನು ಹಳೆಯ ಮೈಸೂರಿನ ಓದುಗರು ವಿವರಣೆಯಿಲ್ಲದೆ ಗುರುತಿಸಬಲ್ಲರೇ ಎಂಬುದನ್ನು ತಮ್ಮ ಕಡೆಯ ದರ್ಜಿಗಳ, ಬಟ್ಟೆ ಅಂಗಡಿಯವರ ಮಾತನ್ನು ಕೇಳಿಬಲ್ಲವರು ದಯವಿಟ್ಟು ತಿಳಿಸಬೇಕು.