35ಎಸ್ ಪ್ರೊಮೋಟರ್ ಇದ್ದೂ ಜೀನ್ ಮೌನವಾಗಿರುವುದೇಕೆ?

ಪ್ರಶ್ನೆ: ಉದ್ಯಾವರದ ವಿದ್ಯಾರ್ಥಿನಿ

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಹೂಕೋಸಿನ ಮೊಸಾಯಿಕ್ ವೈರಸ್ಸಿನ 35ಎಸ್ ಪ್ರೊಮೋಟರಿಗೆ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಗಸ್ ಜೀನನ್ನು (ಕೆಲಸ ಮಾಡಿದಲ್ಲಿ ನೀಲಿ ಬಣ್ಣ ತೋರಿಸುವ ಗುರುತಿನ ಜೀನ್) ಜೋಡಿಸಿ, ಗಿಡಕ್ಕೆ ಜೀನ್ ಸಾಗಿಸುವ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ತಂಬಾಕಿಗೆ ಸೇರಿಸಿ ಹನ್ನೆರಡು ಗಿಡಗಳನ್ನು ಬೆಳೆಸಿದೆ. ಎಲೆಯ ಚೂರುಗಳಿಗೆ ಬಣ್ಣ ಹಿಡಿಸಿ, ಆಲ್ಕೋಹಾಲಿನಲ್ಲಿ ಹಸಿರು ತೊಳೆದು ನೋಡಿದಾಗ ಮೂರು ಗಿಡಗಳದ್ದು ಕಡುನೀಲಿಯಾಗಿತ್ತು, ಐದರಲ್ಲಿ ನರಗಳ ಗುಂಟ ಮಾತ್ರ ತೆಳುನೀಲಿ ಕಂಡಿತು, ಉಳಿದ ನಾಲ್ಕು ಬಿಳಿಯಾಗಿಯೇ ಉಳಿದವು. ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿದರೆ ಆ ಬಿಳಿ ಗಿಡಗಳಲ್ಲೂ ಜೀನ್ ಇದೆ. ಹಾಗಾದರೆ ಅದು ಕೆಲಸ ಮಾಡದಿರಲು ಕಾರಣವೇನು? ಇನ್ನೊಂದು ಸಂದೇಹ: ನಮ್ಮ ಮನೆಯ ಬೈಲುಗದ್ದೆಗೆ ಹೊಳೆಯಿಂದ ಉಪ್ಪುನೀರು ನುಗ್ಗುತ್ತದೆ. ಉಪ್ಪು ಸಹಿಸುವ ಜೀನೊಂದನ್ನು ಇದೇ ಪ್ರೊಮೋಟರಿನೊಂದಿಗೆ ಭತ್ತಕ್ಕೆ ಸೇರಿಸಿದರೆ ಸಾಲದೇ?

ಉತ್ತರ: ಕೊಣಾಜೆಯ ಸಂಶೋಧಕ

ನಿಮ್ಮ ಕೈತಪ್ಪೇನೂ ಆಗಿರಲಿಕ್ಕಿಲ್ಲ. ಅಗ್ರೋಬ್ಯಾಕ್ಟೀರಿಯಂ ಜೀನನ್ನು ಕ್ರೋಮೊಸೋಮಿನ ಯಾವ ಜಾಗಕ್ಕೆ ಸೇರಿಸುತ್ತದೆ, ಎಷ್ಟು ಪ್ರತಿ ಸೇರಿಸುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ಬಿಗಿಯಾಗಿ ಸುತ್ತಿಕೊಂಡ ಭಾಗದಲ್ಲಿ ಸೇರಿದರೆ ಎಂಥ ಬಲವಾದ ಪ್ರೊಮೋಟರೂ ಸುಮ್ಮನಾಗುತ್ತದೆ. ಪ್ರತಿಗಳು ಹೆಚ್ಚಾದರೆ ಗಿಡವೇ ಅವುಗಳ ಬಾಯಿ ಮುಚ್ಚಿಸುವುದುಂಟು. 1990ರಲ್ಲಿ ಪೆಟೂನಿಯಾದ ನೇರಳೆ ಬಣ್ಣವನ್ನು ಗಾಢಗೊಳಿಸಲು ಬಣ್ಣ ತಯಾರಿಸಲು ಬೇಕಾದ ಚಾಲ್ಕೋನ್ ಸಿಂಥೇಸ್ ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದವರಿಗೆ ಸಿಕ್ಕಿದ್ದು ಬಿಳಿ ಹೂ. ಹೊಸ ಜೀನಿನೊಂದಿಗೆ ಗಿಡದ ಸ್ವಂತ ಜೀನೂ ಅಡಗಿಹೋಗಿತ್ತು. ಆದ್ದರಿಂದ ಬಿಳಿ ಗಿಡಗಳನ್ನು ಎಸೆಯಬೇಡಿ. ಅಂದ ಹಾಗೆ, ನಿಮ್ಮ ಗಸ್ ಜೀನಿನೊಳಗೆ ಇಂಟ್ರಾನ್ (ಗಿಡ ಕತ್ತರಿಸಿ ತೆಗೆಯಬಲ್ಲ, ಬ್ಯಾಕ್ಟೀರಿಯಾ ತೆಗೆಯಲಾರದ ನಡುತುಣುಕು) ಇದೆಯೇ? ಇಲ್ಲದಿದ್ದರೆ ಎಲೆಯಲ್ಲಿ ಉಳಿದ ಬ್ಯಾಕ್ಟೀರಿಯಾವೇ ನೀಲಿ ಬಣ್ಣ ಕೊಟ್ಟಿರಬಹುದು.

ಉಪ್ಪಿನ ವಿಷಯದಲ್ಲಿ ನನ್ನ ಉತ್ತರ 'ಸಾಲದು' ಎಂದೇ. ಎಷ್ಟು ಎಂಬುದಕ್ಕಿಂತ ಎಲ್ಲಿ, ಯಾವಾಗ ಎಂಬುದು ಇಲ್ಲಿ ಮುಖ್ಯ. ಪ್ರಯೋಗಗಳಿಗೆ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸೋಡಿಯಂ ಸಾಗಿಸುವ ಎಚ್‌ಕೆಟಿ1 ಜೀನನ್ನು ಬೇರಿನ ನಡುಭಾಗದ ಕೋಶಗಳಲ್ಲಿ ಮಾತ್ರ ಹೆಚ್ಚಿಸಿದಾಗ ಎಲೆಗೆ ಏರುವ ಉಪ್ಪು ಕಡಿಮೆಯಾಯಿತು. ಅದನ್ನೇ 35ಎಸ್‌ನಿಂದ ಇಡೀ ಗಿಡದಲ್ಲಿ ನಡೆಸಿದರೆ ಎಲೆಯಲ್ಲಿ ಉಪ್ಪು ಹೆಚ್ಚಿ ಗಿಡ ಸೊರಗುತ್ತದೆ. ಬರ, ಚಳಿ, ಉಪ್ಪು ತಡೆಯುವ ಜೀನುಗಳನ್ನು ಎಬ್ಬಿಸುವ ಡಿಆರ್‌ಇಬಿ1ಎ ಜೀನಿನದೂ ಇದೇ ಕಥೆ: 35ಎಸ್‌ನೊಂದಿಗೆ ಗಿಡ ಕುಳ್ಳಾಯಿತು, ಬರ, ಚಳಿ, ಉಪ್ಪು ತಾಗಿದಾಗ ಎಚ್ಚರಗೊಳ್ಳುವ ಆರ್‌ಡಿ29ಎ ಪ್ರೊಮೋಟರಿನೊಂದಿಗೆ ಬೆಳವಣಿಗೆ ಬಹುಮಟ್ಟಿಗೆ ಸರಿಯಾಗಿತ್ತು. ಮೇಲಾಗಿ ಭತ್ತದಂಥ ಏಕದಳ ಸಸ್ಯಗಳಲ್ಲಿ 35ಎಸ್ ಅಷ್ಟು ಚುರುಕಲ್ಲ. ಅಲ್ಲಿ ಮೆಕ್ಕೆಜೋಳದ ಯುಬಿಕ್ವಿಟಿನ್ ಪ್ರೊಮೋಟರನ್ನು ಅದರ ಮೊದಲ ಇಂಟ್ರಾನಿನ ಸಮೇತ ಬಳಸುವುದೇ ರೂಢಿ.

ಉತ್ತರ: ಬ್ರಹ್ಮಾವರದ ಕೃಷಿಕ

ನಾನು ಸಂಶೋಧಕನಲ್ಲ, ಹಳೆಯ ಬಿ.ಎಸ್ಸಿ. ಪದವೀಧರ, ಏಣೆಲಿಗೆ (ಮಳೆಗಾಲದ ಬೆಳೆಗೆ) ಎಂಒ4 ಎಂಬ ಕೆಂಪಕ್ಕಿ ಭತ್ತ ಹಾಕುವವನು. ಹೊರಗಿನ ಜೀನ್ ಸೇರಿಸದೆ, ಇರುವ ಜೀನನ್ನೇ ತಗ್ಗಿಸುವ ದಾರಿಯೂ ಇದೆಯಲ್ಲವೇ? 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಪೂಸಾ ಡಿಎಸ್‌ಟಿ ರೈಸ್ 1 ಎಂಬ ಭತ್ತದ ತಳಿಯಲ್ಲಿ ಉಪ್ಪು ಮತ್ತು ಬರವನ್ನು ತಡೆದುಕೊಳ್ಳಲು ಅಡ್ಡಿಯಾಗಿದ್ದ ಡಿಎಸ್‌ಟಿ ಎಂಬ ನಿಯಂತ್ರಕ ಜೀನನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ತಿದ್ದಿದ್ದಾರೆಂದು ಓದಿದ್ದೇನೆ. ಆದರೆ ಅದರ ಮೂಲ ತಳಿ ಎಂಟಿಯು 1010. ನಮಗೆ ಬೇಕಾದ್ದು ಕೆಂಪು ಕುಚ್ಚಲಕ್ಕಿ.

ಉತ್ತರ: ಕೊಣಾಜೆಯ ಸಂಶೋಧಕ

ನಿಮ್ಮ ಮಾತು ನಿಜ. ಪ್ರೊಮೋಟರನ್ನೇ ತಿದ್ದಿ ಜೀನಿನ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಬಹುದೆಂದು 2017ರಲ್ಲಿ ಟೊಮೆಟೊದಲ್ಲಿ ತೋರಿಸಲಾಗಿದೆ. ಎಂಒ4ಕ್ಕೂ ಇಂಥದೇ ಹೆಚ್ಚು ಹೊಂದೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನನ್ನ ಗಸ್‌ನಲ್ಲಿ ಇಂಟ್ರಾನ್ ಇದೆ. ಈಗ ಪ್ರತಿ ಗಿಡದ ಬೀಜವನ್ನು ಪ್ರತ್ಯೇಕವಾಗಿ ಕನಮೈಸಿನ್ ತಟ್ಟೆಯಲ್ಲಿ ಬಿತ್ತಿದ್ದೇನೆ; ಸೇರಿಸಿದ ಡಿಎನ್‌ಎ ಇಲ್ಲದ ಮೊಳಕೆಗಳು ಈ ಆ್ಯಂಟಿಬಯಾಟಿಕ್‌ನಿಂದ ಬಿಳಿಚುತ್ತವೆ. ಹಸಿರು ಮತ್ತು ಬಿಳಿ ಮೊಳಕೆಗಳು ಮೂರಕ್ಕೆ ಒಂದರಂತೆ ಬಂದ, ಎಂದರೆ ಜೀನ್ ಒಂದೇ ಜಾಗದಲ್ಲಿ ಸೇರಿರಬಹುದಾದ, ಗಿಡಗಳನ್ನು ಆರಿಸಿ ಮತ್ತೆ ಬಣ್ಣ ಪರೀಕ್ಷೆ ಮಾಡುತ್ತೇನೆ.