ಸೋಂಕು ತಗುಲಿದ ಮೇಲೂ ಲೇಪನದ ಇಂಪ್ಲಾಂಟನ್ನು ಮೂಳೆ ಹಿಡಿದುಕೊಳ್ಳುವುದು ಹೇಗೆ?

ಪ್ರಶ್ನೆ (ರೋಗಿಯ ಮಗಳು)

ನಮ್ಮ ತಂದೆಯವರಿಗೆ 68 ವರ್ಷ. ಕಳೆದ ವರ್ಷ ಅವರ ಸೊಂಟದ ಕೀಲನ್ನು ಸಿಮೆಂಟ್ ಬಳಸದೆ ಬದಲಾಯಿಸಲಾಯಿತು. ತೊಡೆಮೂಳೆಯೊಳಗೆ ಇಳಿಸಿದ ಟೈಟಾನಿಯಂ ಕಾಂಡಕ್ಕೆ, ಅಂದರೆ ಸ್ಟೆಮ್‌ಗೆ, ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಲೇಪನವಿತ್ತು. ಮೂರನೆಯ ವಾರ ಗಾಯದಿಂದ ಕೀವು ಸೋರತೊಡಗಿ, ಪರೀಕ್ಷೆಯಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮತ್ತೆ ತೆರೆದು ತೊಳೆದು, ಕೀಲಿನ ಚೆಂಡನ್ನೂ ಅದು ಕೂರುವ ಬಟ್ಟಲಿನ ಒಳಪದರವಾದ ಲೈನರನ್ನೂ ಬದಲಿಸಿ, ಸ್ಟೆಮ್ಮನ್ನು ಇದ್ದಂತೆಯೇ ಬಿಟ್ಟರು. ಆಮೇಲೆ ಮೂರು ತಿಂಗಳು, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್‌ನ ಜೊತೆಗೆ ಇನ್ನೊಂದು ಆ್ಯಂಟಿಬಯಾಟಿಕ್. ಮೊನ್ನೆ ವೈದ್ಯರು ಎಕ್ಸ್-ರೇ ಮೇಲೆ ಸ್ಟೆಮ್‌ನ ಅಂಚಿನಗುಂಟ ಪೆನ್ನಿನ ತುದಿ ಓಡಿಸಿ, "ಲೋಹಕ್ಕೂ ಮೂಳೆಗೂ ನಡುವೆ ಎಲ್ಲಿಯೂ ಸಂದಿಯ ಕಪ್ಪು ಗೆರೆಯಿಲ್ಲ, ಮೂಳೆ ಹಿಡಿದಿದೆ" ಎಂದರು. ಕೀವು ತುಂಬಿದ್ದ ಜಾಗದಲ್ಲಿ ಮೂಳೆ ಬೆಳೆದದ್ದಾದರೂ ಹೇಗೆ? ಹಿಡಿದಿದೆ ಎಂದರೆ ಸೋಂಕು ಹೋಗಿದೆ ಎಂದೇ ತಿಳಿಯಬಹುದೆ?

ಉತ್ತರ 1 (ಮೂಳೆ ಶಸ್ತ್ರಚಿಕಿತ್ಸಕ)

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಮೇಡಂ: ಹಾಗೆ ತಿಳಿಯಲಾಗದು. ಕೀಲಿನ ತುಂಬ ಕೀವಿದ್ದರೂ ಸ್ಟೆಮ್ ಕಿಂಚಿತ್ತೂ ಅಲುಗದೆ, ಕೊನೆಗೆ ತೊಡೆಮೂಳೆಯನ್ನೇ ಉದ್ದಕ್ಕೆ ಸೀಳಿ ಅದನ್ನು ಹೊರತೆಗೆಯಬೇಕಾದ ಸಂದರ್ಭವನ್ನು ನಾನೇ ಕಂಡಿದ್ದೇನೆ. ಹೊರಬಂದ ಲೋಹದ ಒರಟು ಭಾಗಕ್ಕೆ ಮೂಳೆಯ ಚೂರುಗಳು ಅಂಟಿಕೊಂಡೇ ಇದ್ದವು.

ಇದಕ್ಕೆ ಕಾರಣ, ಸೋಂಕು ಇಂಪ್ಲಾಂಟಿನ ಮೇಲೆಲ್ಲ ಒಂದೇ ಸಮನೆ ಹರಡಿರುವುದಿಲ್ಲ. ಆರಂಭದಲ್ಲಿ ಅದು ಹೆಚ್ಚಾಗಿ ಚೆಂಡು, ಲೈನರ್ ಇರುವ ಕೀಲಿನ ಪೊಳ್ಳಿನಲ್ಲಿರುತ್ತದೆ. ಮೂಳೆಯ ಕೊಳವೆಯಲ್ಲಿ ಬಿಗಿಯಾಗಿ ಕೂತ ಸ್ಟೆಮ್‌ನ ಸುತ್ತ ಕೀವಿಗೆ ನುಸುಳಲು ಎಡೆ ಕಡಿಮೆ. ಅಮೆರಿಕದ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಎಂದು ವಿವರಿಸಿದರು. ದೇಹದ ಜೀವಕೋಶಗಳು ಮೊದಲು ಬಂದು ನೆಲೆಸಿದರೆ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದು ಕಷ್ಟ. ಬ್ಯಾಕ್ಟೀರಿಯಾ ಮೊದಲು ಬಂದರೆ ಬಯೋಫಿಲ್ಮ್ ಎಂಬ ಲೋಳೆಯ ಹೊದಿಕೆಯೊಳಗೆ ಅಡಗಿ, ಔಷಧಿಗೂ ರಕ್ತದ ಬಿಳಿಕಣಗಳಿಗೂ ಸುಲಭವಾಗಿ ಬಗ್ಗುವುದಿಲ್ಲ. ರಿಫಾಂಪಿಸಿನ್ ಕೊಡುವುದು ಈ ಹೊದಿಕೆಯೊಳಗಿನ ಸ್ಟ್ಯಾಫಿಲೊಕಾಕಸ್‌ಗಾಗಿಯೇ.

ಇನ್ನೊಂದು ಅಂಶ ಸ್ಥಿರತೆ. ನಡೆಯುವಾಗ ಸ್ಟೆಮ್ ಸುಮಾರು 150 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹೆಚ್ಚು ಜರುಗಿದರೆ ಸುತ್ತಲೂ ಮೂಳೆಯ ಬದಲು ನಾರಿನ ಪದರ ಕಟ್ಟುತ್ತದೆ. ತಮ್ಮ ತಂದೆಯವರ ಸ್ಟೆಮ್ ಗಟ್ಟಿಯಾಗಿ ಕೂತಿದ್ದರಿಂದಲೇ ಅದನ್ನು ಉಳಿಸಿದ್ದಾರೆ. ಸಡಿಲವಾಗಿದ್ದರೆ ತೊಳೆದು ಬಿಡುವುದು ಸಾಲುತ್ತಿರಲಿಲ್ಲ.

ಉತ್ತರ 2 (ಲೇಪನ ವಿಭಾಗದ ಎಂಜಿನಿಯರ್)

ಲೇಪನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಟೈಟಾನಿಯಂ ಬರಿಯ ಲೋಹವಾಗಿಯೇ ಮೂಳೆಗೆ ಬೆಸೆದುಕೊಳ್ಳುತ್ತದೆ. ಸ್ವೀಡನ್ನಿನ ಸಂಶೋಧಕ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನಲ್ಲಿಟ್ಟ ಟೈಟಾನಿಯಂ ಉಪಕರಣವನ್ನು ಮರಳಿ ಪಡೆಯಲು ಹೋದಾಗ ಅದು ಮೂಳೆಯಿಂದ ಬಿಡಲೇ ಇಲ್ಲ. ಹೈಡ್ರಾಕ್ಸಿಅಪಟೈಟ್ ಆ ಕೆಲಸವನ್ನು ಬೇಗಗೊಳಿಸುತ್ತದೆ. ನಮ್ಮ ಮೂಳೆಯ ಖನಿಜವನ್ನೇ ಹೋಲುವ ಈ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಯನ್ನು ಅತಿ ಬಿಸಿಯಾದ ಅನಿಲದ ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಲೋಹಕ್ಕೆ ಸಿಂಪಡಿಸುತ್ತಾರೆ. ಪದರದ ದಪ್ಪ ಸಾಮಾನ್ಯವಾಗಿ 50ರಿಂದ 150 ಮೈಕ್ರಾನ್. ಅದರಿಂದ ಸ್ವಲ್ಪಸ್ವಲ್ಪವೇ ಕರಗುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳಿಂದಾಗಿ ಮೂಳೆಯ ಕಡೆಯಿಂದ ಮಾತ್ರವಲ್ಲದೆ ಲೇಪನದ ಮೇಲಿನಿಂದಲೂ ಹೊಸ ಮೂಳೆ ಬೆಳೆಯುತ್ತದೆ.

ಆದರೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೂಳೆಗೆ ಹಿತವಾದ ಒರಟುತನ ಬ್ಯಾಕ್ಟೀರಿಯಾಕ್ಕೂ ಹಿತವೇ. ಲೇಪನಕ್ಕೆ ಬೆಳ್ಳಿ ಬಳಸಿದರೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ನಿಜ, ಆದರೆ ಪ್ರಮಾಣ ಮೀರಿದರೆ ಮೂಳೆಯ ಕೋಶಗಳಿಗೂ ವಿಷ. ಮೂಳೆ ಕ್ಯಾನ್ಸರಿಗೆ ಬಳಸುವ ದೊಡ್ಡ ಇಂಪ್ಲಾಂಟುಗಳಲ್ಲಿ ಮೂಳೆಯೊಳಗೆ ಹೋಗುವ ಭಾಗಕ್ಕೆ ಬೆಳ್ಳಿ ಬಳಿಯದೆ ಬಿಡುವ ರೂಢಿ ಬಂದದ್ದು ಆ ಅಂಜಿಕೆಯಿಂದಲೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಹಾಗಾದರೆ ಸೋಂಕು ಮರಳಿದರೆ ನಮಗೆ ಗೊತ್ತಾಗುವುದು ಹೇಗೆ, ಸರ್?

ಉತ್ತರ 1 (ಮೂಳೆ ಶಸ್ತ್ರಚಿಕಿತ್ಸಕ)

ಕೂತಾಗ, ರಾತ್ರಿ ಮಲಗಿದಾಗಲೂ ಬಿಡದ ಹೊಸ ನೋವು, ಹಳೆಯ ಗಾಯದ ಬಳಿ ಏಳುವ ಗುಳ್ಳೆ ಅಥವಾ ಒಸರು ಕಂಡರೆ ಕಾಯದೆ ಹೋಗಿ. ದೇಹದೊಳಗಿನ ಉರಿಯೂತವನ್ನು ಸೂಚಿಸುವ ರಕ್ತದ ಸಿಆರ್‌ಪಿ, ಇಎಸ್‌ಆರ್ ಪ್ರಮಾಣವನ್ನೂ ಎಕ್ಸ್-ರೇಗಳನ್ನೂ ಹಿಂದಿನವುಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಅನುಮಾನ ಬಂದರೆ ಕೀಲಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕೆ ಮುಂಚೆ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ದಯವಿಟ್ಟು ನೀವಾಗಿಯೇ ಕೊಡಬೇಡಿ, ಏಕೆಂದರೆ ಮಾತ್ರೆಯ ಪ್ರಭಾವದಲ್ಲಿ ತೆಗೆದ ನೀರಿನಲ್ಲಿ ರೋಗಾಣು ಇದ್ದರೂ ಪ್ರಯೋಗಾಲಯದ ಕಲ್ಚರ್‌ನಲ್ಲಿ, ಅಂದರೆ ಅದನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ, ಬೆಳೆಯದೆ ಹೋಗಬಹುದು.